ಆರು ಒತ್ತು

ಟೈರ್ ಅಂಗಡಿಯ ಅಂಗಳದಲ್ಲಿ ನಮ್ಮ ಗೂಡು.
ಎರಡು ಕಿಟಕಿ, ಒಂದು ಯಂತ್ರ, ಹದಿನೆಂಟು ಬಾಟಲಿ.
ಕಾಲ್ವಿಲ್ ಊರಿಗೆ ಬೆಳಗಾಗುವ ಮೊದಲೇ
ಕಾಡಿಗೆ ಹೊರಟ ಲಾರಿಗಳಿಗೆ ಬೆಳಗಾಗಿರುತ್ತದೆ.
ಹೊರಗೆ ನೀರು ಕಲ್ಲಾಗುವ ಚಳಿ,
ಆದರೂ ಇವರು ಕೇಳುವುದು ಐಸ್ ಹಾಕಿದ್ದನ್ನೇ,
ಗವಸು ತೊಟ್ಟ ಕೈ ಚಾಚಿ.

ಕೆಲಸಕ್ಕೆ ಸೇರಿದ ದಿನ ಮಾರ್ವೆಲ್ಲಾ ಹೇಳಿಕೊಟ್ಟದ್ದು ಇಷ್ಟು:
ಮೊದಲು ಸಿರಪ್ಪು, ಅದರ ಮೇಲೆ ಬಿಸಿ ಎಸ್‌ಪ್ರೆಸ್ಸೊ,
ಲೋಟ ಹಿಡಿದು ಮಣಿಕಟ್ಟಿನಲ್ಲೇ ಮೂರು ಸುತ್ತು,
ಆಮೇಲೆ ಹಾಲು. ಐಸು ಕಟ್ಟಕಡೆಗೆ.
"ತಣ್ಣಗಾದ ಮೇಲೆ ಹಾಕಿದ ಸಿಹಿ
ತಳದಲ್ಲಿ ಹೋಗಿ ಕೂರುತ್ತೆ ಹುಡುಗಿ,
ಮದುವೆಮನೆಯಲ್ಲಿ ಮುನಿದ ನೆಂಟರ ಹಾಗೆ.
ಕೊನೇ ಗುಟುಕಿನವರೆಗೂ ಮಾತಿಲ್ಲ,
ಆಡಿದರೆ ಗಂಟಲು ಕಟ್ಟುವಷ್ಟು."

ನಂಬದೆ ಒಂದು ಸಲ ಹಿಂದುಮುಂದು ಮಾಡಿ ನೋಡಿದೆ.
ಹಕಲ್‌ಬೆರಿಯ ನೇರಳೆ
ಐಸಿನ ಸಂದಿಯಲ್ಲಿ ಎಳೆಎಳೆಯಾಗಿ ಇಳಿದು
ಮೇಲಿನ ಕಹಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ
ತಳದಲ್ಲಿ ಹೊಳೆಯುತ್ತಾ ನಿಂತಿತು.
ನೋಡಲು ಚೆಂದ. ಕುಡಿಯಲು ಒಂದೇ ಸೂರಿನಡಿ ಎರಡು ಒಲೆ.

ವೆಂಡೆಲ್ ಬರುವುದು ಐದೂ ಕಾಲಿಗೆ.
ದಿಮ್ಮಿ ಹೊರುವ ಲಾರಿ
ಬ್ರೇಕಿನ ಗಾಳಿ ಬಿಟ್ಟು ಉಸ್ಸೆಂದು ರಸ್ತೆಬದಿಗೆ ನಿಂತರೆ
ನಮ್ಮ ಬಾಟಲಿಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ.
ಇಳಿದು ಕುಂಟುತ್ತಾ ಬರುತ್ತಾನೆ.
"ಎಂದಿನದೇ. ಆರು ಒತ್ತು."
ವೆನಿಲ್ಲಾ ಮೂರು, ಹೇಝಲ್‌ನಟ್ ಮೂರು.
ಪಂಪಿನ ಮೂತಿ ಒತ್ತುವಾಗ ಅವನ ತುಟಿ ಎಣಿಸುತ್ತದೆ,
ಬಡ್ಡಿ ಲೆಕ್ಕದವರ ಹಾಗೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವನ ಹೆಂಡತಿ ಓಪಲ್ ಬಂದಳು,
ದನದ ಮೇವಿನಂಗಡಿಯ ಏಪ್ರನ್ನಿನಲ್ಲೇ.
"ಸಕ್ಕರೆ ಕಾಯಿಲೆ ಅವನಿಗೆ. ಕಾಲಿನ ಒಂದು ಬೆರಳು ಆಗಲೇ ಹೋಯಿತು.
ಕೊಡಬೇಡ ಅಂದರೆ ಸೇತುವೆ ಹತ್ತಿರದ ಗೂಡಿಗೆ ಹೋಗುತ್ತಾನೆ.
ನೀನೇ ಏನಾದರೂ ಮಾಡು."
ನಾನೇನು ಡಾಕ್ಟರೇ? ಗಂಟೆಗಿಷ್ಟು ಅಂತ ದುಡಿಯುವವಳು.
ಆದರೂ ಎಲೆ ಹಳದಿಯಾಗುವ ಹೊತ್ತಿಗೆ ಐದಕ್ಕಿಳಿಸಿದೆ.
ಮೊದಲ ಹಿಮಕ್ಕೆ ನಾಲ್ಕು.
ಎಣಿಸುವ ತುಟಿಯ ಸಮಾಧಾನಕ್ಕೆ
ಖಾಲಿಯಾದ ಪುದೀನಾ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟು
ಉಳಿದಷ್ಟು ಒತ್ತನ್ನು ಅದರ ತಲೆಯ ಮೇಲೆ ಒತ್ತಿದೆ.
ಹೊಸ ವರ್ಷಕ್ಕೆ ಎರಡು ಸಿಹಿ, ನಾಲ್ಕು ಸದ್ದು.
ಸಿಕ್ಕಿಬೀಳಲಿಲ್ಲ. ಒಳಗೊಳಗೇ ಬೀಗಿದೆ ಕೂಡ.

ಜನವರಿಯಲ್ಲೊಂದು ದಿನ ಅರೆಯುವ ಯಂತ್ರ ಕೆಟ್ಟು
ಗೂಡಿನೊಳಗೆ ಎಂದೂ ಇಲ್ಲದ ಮೌನ.
ಹೇಗೋ ಉಳಿದಿದ್ದ ಪುಡಿಯಲ್ಲಿ ಅವನದೊಂದನ್ನು ಇಳಿಸಿದೆ.
ಒತ್ತಿದೆ. ಒತ್ತಿದೆ. ಆಮೇಲೆ ಆ ನಾಲ್ಕು.
ವೆಂಡೆಲ್ ಕಿಟಕಿಗೆ ಮೊಣಕೈ ಊರಿದ.
"ನಲವತ್ತು ವರ್ಷ ಗಾಳಿ ಬ್ರೇಕಿನ ಮೇಲೆ ಜೀವ ಇಟ್ಟು
ಬೆಟ್ಟ ಇಳಿದವನು ನಾನು.
ಒಳಗೆ ಏನೋ ಇದ್ದು ಬರೋ ಸದ್ದಿಗೂ
ಬರೀ ಗಾಳಿಗೂ ವ್ಯತ್ಯಾಸ ತಿಳಿಯಲ್ವಾ?"

ನನ್ನ ಕಿವಿ ಬಿಸಿಯಾಯಿತು.
"ಯಾವಾಗಿಂದ ಗೊತ್ತು?"
"ನೀನು ಶುರು ಮಾಡಿದ ದಿನದಿಂದ."
ಚಿಲ್ಲರೆ ಎಣಿಸಿ ಇಟ್ಟ. ಮೇಲೊಂದು ಡಾಲರು.
"ಓಪಲ್‌ಗೆ ಹೇಳಬೇಡ. ನನ್ನ ಕಣ್ಣಿಗೆ ಮಣ್ಣೆರಚಿದೀನಿ ಅಂತ
ರಾತ್ರಿ ಪಾತ್ರೆ ತೊಳೆಯುವಾಗ ಒಬ್ಬಳೇ ನಗುತ್ತಾಳೆ.
ಮತ್ತೆ ನೀನು, ಒತ್ತೋದು ಮಾತ್ರ ಬಿಡಬೇಡ.
ಆರು ಅಂದರೆ ಆರು."

ಮುಚ್ಚಳ ಎತ್ತಿ ಒಂದು ಗುಟುಕು ಎಳೆದ, ಮುಖ ಕಿವುಚಿದ.
"ಇವತ್ತು ಸಿಹಿ ಜಾಸ್ತಿ ಆಯಿತು" ಎಂದ.
ಲಾರಿ ಉಸಿರು ಬಿಟ್ಟು ಹೊರಟಿತು.

ಮಧ್ಯಾಹ್ನ ಓಪಲ್ ಬಂದಳು.
ಅವಳದು ಕ್ಯಾರಮೆಲ್. ಆರು ಒತ್ತು,
ಮೇಲೆ ಕೆನೆ.
ಅದರ ಬಗ್ಗೆ ನನ್ನನ್ನು ಇದುವರೆಗೆ
ಯಾರೂ ಏನೂ ಕೇಳಿಕೊಂಡಿಲ್ಲ.