ನಲವತ್ತೊಂದನೇ ಸೆಲ್ಲು

ಭೋಸರಿಯಲ್ಲಿ ರಾತ್ರಿ ಪಾಳಿ.
ಒಲೆಯಂಥ ಕಪಾಟುಗಳೊಳಗೆ ನಲವತ್ತೆಂಟು ಸೆಲ್ಲು
ನಲವತ್ತೈದು ಡಿಗ್ರಿ ಧಗೆಯಲ್ಲಿ
ತುಂಬುತ್ತವೆ, ಬರಿದಾಗುತ್ತವೆ, ಮತ್ತೆ ತುಂಬುತ್ತವೆ.
ಕಾರೊಂದು ಹತ್ತು ವರ್ಷ ಓಡಿ ಮುಪ್ಪಾಗುವುದನ್ನು
ನಾವಿಲ್ಲಿ ಎಂಟು ತಿಂಗಳಲ್ಲಿ ಮುಗಿಸುತ್ತೇವೆ.
ನನ್ನ ಕೆಲಸ ಇಷ್ಟೆ:
ಬೇಗ ಬೇಗ ಮುದಿಮಾಡುವುದು, ಬರೆದಿಡುವುದು.

ಹಗಲು ಬರುವವರು ಬೇರೆ.
ಮೊನ್ನೆ ತಾಮ್ಹಣೆ ಸಾಹೇಬರು ಟೈ ಕಟ್ಟಿಕೊಂಡು
ದುಡ್ಡು ಹಾಕುವವರಿಗೆ ಪರದೆಯ ಮೇಲೆ ತೋರಿಸಿದರು:
ಹತ್ತು ನಿಮಿಷದ ಚಾರ್ಜು, ಸಾವಿರ ಕಿಲೋಮೀಟರು,
ಬೆಂಕಿಯ ಭಯವಿಲ್ಲ, ಒಳಗೆ ದ್ರವವೇ ಇಲ್ಲ, ಎಲ್ಲ ಗಟ್ಟಿ.
ಚಪ್ಪಾಳೆ. ಬಾಕರವಡಿ.
ಸುಳ್ಳಲ್ಲ ಅದು. ನಾನೇ ಕಣ್ಣಾರೆ ಕಂಡಿದ್ದೇನೆ.
ಅಂಗಿಯ ಗುಂಡಿಯಷ್ಟಿದ್ದಾಗ ನಿಜ.
ಅಂಗೈಯಷ್ಟಾದರೆ ಅರ್ಧ ನಿಜ.
ಕಾರಿನ ಹೊಟ್ಟೆ ತುಂಬುವಷ್ಟಾದರೆ
ಏನೆಂದು ಯಾರೂ ಬರೆದಿಲ್ಲ, ಆ ಕಾಲಮ್ಮು ಖಾಲಿ.

ಒಳಗೊಳಗೆ ಮುಳ್ಳು ಬೆಳೆಯುತ್ತದೆ,
ಕೂದಲಿಗಿಂತ ಸಪೂರ, ಲಿಥಿಯಮ್ಮಿನ ಮುಳ್ಳು.
ಗಟ್ಟಿ ಎಂದುಕೊಂಡ ಗೋಡೆಯಲ್ಲೂ ಬಿರುಕು ಹುಡುಕಿ
ಆಚೆ ದಡ ಮುಟ್ಟಿತೋ, ಮುಗಿಯಿತು.
ಪರದೆಯ ಗೆರೆ ದೊಪ್ಪನೆ ಬೀಳುತ್ತದೆ.
ಸದ್ದಿಲ್ಲ, ಅಳುವವರಿಲ್ಲ.
ಕೆಂಪು ಚೀಟಿ ಅಂಟಿಸಿ ಚಹಾಕ್ಕೆ ಹೋಗುತ್ತೇನೆ.

ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಪೋಪಟ್ ಲಾಂಡ್ಗೆ,
ಹಸಿರು ನಂಬರ್ ಪ್ಲೇಟಿನ ರಿಕ್ಷಾ.
ಪೇಪರು ಮಡಚಿ ದಿನಾ ಅದೇ ಪ್ರಶ್ನೆ:
"ಕಾಯ್ ತಾಯೀ, ಬಂತಾ ಹೊಸ ಬ್ಯಾಟರಿ?"
ಅವನದಕ್ಕೆ ಮೂರು ವರ್ಷ. ನೂರಿಪ್ಪತ್ತು ಓಡುತ್ತಿದ್ದದ್ದು
ಈಗ ಎಪ್ಪತ್ತೆರಡಕ್ಕೆ ಏದುಸಿರು ಬಿಡುತ್ತದೆ.
ಬದಲಿಸಲು ಲಕ್ಷ ಬೇಕು;
ಹೊಸ ಥರದ್ದು ಬಂದೀತೆಂದು ತಡೆದಿದ್ದಾನೆ,
ಹೋದ ದೀಪಾವಳಿಯಿಂದ.

"ಹಳೇ ಥರದ್ದೇ ತಗೊಂಡುಬಿಡು" ಅನ್ನಬೇಕಿತ್ತು.
ನಾಲಿಗೆಯ ತುದಿಗೆ ಬಂದಿತ್ತು.
ಆದರೆ ನಿನ್ನೆ ರಾತ್ರಿ ನಲವತ್ತೊಂದನೆಯದು
ಎಂಟುನೂರನೇ ಸುತ್ತು ದಾಟಿತು.
ಗೆರೆ ಇನ್ನೂ ನೆಟ್ಟಗಿದೆ.
ಒಂದೇ ತಟ್ಟೆಯಲ್ಲಿ ಹುಟ್ಟಿದ ಉಳಿದ ಹನ್ನೊಂದು
ಇನ್ನೂರು ಕಾಣಲಿಲ್ಲ.
ಇದು ಯಾಕೆ ಉಳಿಯಿತೋ ನನಗೆ ತಿಳಿಯದು,
ತಾಮ್ಹಣೆಯವರಿಗೂ ತಿಳಿಯದು.
ಮೂರು ಗಂಟೆಗೆ ಎದ್ದು ಹೋಗಿ
ಸುಮ್ಮನೆ ಕಪಾಟಿನ ಬಾಗಿಲ ಮೇಲೆ ಕೈಯಿಟ್ಟು ಬಂದೆ.

"ಒಂದು ಉಳಿದಿದೆ" ಎಂದೆ.
"ಎಷ್ಟರಲ್ಲಿ?"
"ಹನ್ನೆರಡರಲ್ಲಿ."
ಪೋಪಟ ತಲೆಯಾಡಿಸಿದ,
ವಿಮೆ ಏಜೆಂಟನ ಮಾತಿಗೆ ಆಡಿಸುವಂತೆ.
ಚಾರ್ಜು ಉಳಿಯಲೆಂದು ಹಾಡು ನಿಲ್ಲಿಸಿ, ದೀಪ ಆರಿಸಿ
ನಾಸಿಕ್ ಫಾಟಾದ ಮೇಲ್ಸೇತುವೆಗೆ ಏರಿಸಿದ.
ಹಿಂದಿನ ಸೀಟಿನಲ್ಲಿ ನಾನು
ಆದಷ್ಟು ಹಗುರಾಗಿ ಕೂರಲು ನೋಡುತ್ತಿದ್ದೆ.