ಹನ್ನೊಂದು ಗಂಟೆಯೊಳಗೆ

ಈ ಅಂಗಡಿಯ ಮೂರನೇ ಕುರ್ಚಿಗೆ ಒಂದು ಕಾಲು ಗಿಡ್ಡ.
ಅದರಲ್ಲೇ ಕೂತು ನಾಪೋಕ್ಲಿನ ಎಷ್ಟು ಮಕ್ಕಳು
ನರ್ಸಾದರೋ, ಮಿಲಿಟರಿಗೆ ಹೋದರೋ, ಏನೂ ಆಗದೆ
ಆಧಾರ್ ತಿದ್ದಿಸಲು ನನ್ನ ಬಳಿಗೇ ಮರಳಿದರೋ
ಲೆಕ್ಕ ಇಟ್ಟಿಲ್ಲ.

ಇವತ್ತು ಕೂತವಳು ಬೊಳ್ಳಮ್ಮ,
ಲೈನ್‌ಮನ್ ಬೆಳ್ಯಪ್ಪನ ಮಗಳು.
ಎರಡು ಕಾಗದ ತಂದಿದ್ದಾಳೆ. ಜಗಳವಾಡಿದ ಮಕ್ಕಳನ್ನು
ಬೇರೆ ಬೇರೆ ಬೆಂಚಿಗೆ ಹಾಕಿದ ಹಾಗೆ
ಕೀಬೋರ್ಡಿನ ಆಚೆಗೊಂದು, ಈಚೆಗೊಂದು.

ಆಚೆಯದು ಹಾಸನ. ಸರ್ಕಾರಿ ಸೀಟು, ಎಲೆಕ್ಟ್ರಿಕಲ್,
ಎರಡು ಮೂಟೆ ಕರಿಮೆಣಸು ಕೊಟ್ಟರೆ ತೀರುವ ಫೀಸು.
ಈಚೆಯದು ಬೆಂಗಳೂರು. ಕಂಪ್ಯೂಟರ್, ಅದರ ಬೆನ್ನಿಗೆ
ಕೃತಕ ಬುದ್ಧಿಮತ್ತೆ, ಇತ್ಯಾದಿ ಇತ್ಯಾದಿ,
ರೈಲಿನಷ್ಟು ಉದ್ದದ ಹೆಸರು. (ನಮ್ಮ ಜಿಲ್ಲೆಗೆ ರೈಲಿಲ್ಲ.)
ವರ್ಷಕ್ಕೆ ಎರಡೂ ಮುಕ್ಕಾಲು ಲಕ್ಷ, ಹಾಸ್ಟೆಲು ಬೇರೆ.

ವಿರಾಜಪೇಟೆಯ ಮಾವ ಈಚೆಯದಕ್ಕೆ ಸಾಲ ಕೊಡಿಸುತ್ತಾನಂತೆ.
ಫಿಸಿಕ್ಸ್ ಮೇಡಂ ಕಾಲೇಜು ನೋಡು ಎಂದರಂತೆ,
ಕೆಮಿಸ್ಟ್ರಿ ಸಾರ್ ಬ್ರಾಂಚು ನೋಡು ಎಂದರಂತೆ.
ಅಪ್ಪ ಎರಡನ್ನೂ ನೋಡಲಿಲ್ಲವಂತೆ,
ಎಡಗೈ ಚಾಚಿ, ಮಡಚಲು ಬಾರದ ಎರಡು ಬೆರಳು ತೋರಿಸಿ
'ಕರೆಂಟಿನ ಸಹವಾಸ ಒಂದು ಬೇಡ ಮಗಳೇ' ಎಂದು
ಕಾಫಿ ಕುಡಿದು ಎದ್ದು ಹೋದನಂತೆ.

'ನೀವೇನು ಹೇಳ್ತೀರಿ ಕಾಕಾ?'
ನಾನೇನು ಹೇಳಲಿ? ಪಿಯುಸಿ ಎರಡು ಸಲ ಬಿದ್ದವನು.
ಯಾವ ಹೊತ್ತಿಗೆ ಸರ್ವರ್ ಮಲಗುತ್ತದೆ, ಅದೊಂದು ಗೊತ್ತು.

ತೆರೆಯ ಮೇಲೆ ನಾಲ್ಕು ಗುಂಡಿ.
ಒಂದು: ಒಪ್ಪಿದೆ, ಸೇರುತ್ತೇನೆ.
ಎರಡು: ಒಪ್ಪಿದೆ, ಇನ್ನೂ ಒಳ್ಳೆಯದು ಬಂದರೆ ನೋಡುತ್ತೇನೆ.
ಮೂರು: ಒಪ್ಪಲಿಲ್ಲ, ಕಾಯುತ್ತೇನೆ.
ನಾಲ್ಕು: ನನ್ನನ್ನು ಬಿಟ್ಟುಬಿಡಿ.
ನಿಕಾಹ್‌ಗೂ ಹೀಗೆ ನಾಲ್ಕು ಕೊಟ್ಟಿದ್ದರೆ ಎಂದು
ನನ್ನ ಹೆಂಡತಿ ಪ್ರತಿ ವರ್ಷ ಜುಲೈಯಲ್ಲಿ ಹೇಳುತ್ತಾಳೆ.

ಹತ್ತೂ ಐದಕ್ಕೆ ಕರೆಂಟು ಹೋಯಿತು.
ಯುಪಿಎಸ್ ಕೀಂ ಎಂದಿತು, ಕೀಂ ಎಂದಿತು, ಸತ್ತಿತು.
ಮೊಬೈಲು ಟವರೂ ಅದರ ಹಿಂದೆಯೇ.

ಆಗ ಅವಳು ಗಾಬರಿಯಾಗಬೇಕಿತ್ತು. ನಾನಾಗಿದ್ದೆ.
ಅವಳು ಚೀಲದಿಂದ ಪ್ರಾಕ್ಟಿಕಲ್ ರೆಕಾರ್ಡ್ ತೆಗೆದು
ಹಿಂದಿನ ಹಾಳೆಯಲ್ಲಿ ಗಂಟೆ ಬರೆದುಕೊಂಡಳು.
ಇಣುಕಿದೆ. ಪುಟ ತುಂಬ ಅದೇ:
ಜೂನ್ ಒಂಬತ್ತು, ನಾಲ್ಕೂ ಹತ್ತು, ಚೆರಿಯಪರಂಬು, ಬಿದಿರು.
ಜೂನ್ ಹದಿನೇಳು, ರಾತ್ರಿ, ಚೆರಿಯಪರಂಬು, ಕಾರಣ ತಿಳಿಯದು.
ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು,
ಅಕ್ಷರ ಇನ್ನೂ ದುಂಡಗಿದ್ದ ಕಾಲದ್ದು.
'ಅದೇ ಕಂಬದ ಹತ್ತಿರವೇ ಯಾಕೆ ಟ್ರಿಪ್ ಆಗ್ತದೆ ಕಾಕಾ?
ಅಪ್ಪನಿಗೆ ಸರಿ ಮಾಡಲು ಗೊತ್ತು. ಯಾಕೆ ಅಂತ ಗೊತ್ತಿಲ್ಲ.'

ಎದುರಿನ ಬೇಕರಿಯವನು ಬಾಗಿಲಿಗೆ ಬಂದು
ಯಾರನ್ನೋ ಬೈದು ಒಳಗೆ ಹೋದ.
ಬೈಸಿಕೊಂಡವನು ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು,
ಹಳದಿ ಹೆಲ್ಮೆಟ್, ಏಣಿ, ಎಂಟು ಬೆರಳು.

ಹತ್ತೂ ನಲವತ್ತೆಂಟು. ಟ್ಯೂಬ್‌ಲೈಟು ಮೂರು ಸಲ ಯೋಚಿಸಿ
ಉರಿಯಿತು.
ಪಾಸ್‌ವರ್ಡ್ ಹೊಡೆಯುವಾಗ ಮುಖ ತಿರುಗಿಸುವುದು
ಈ ಕಸುಬಿನ ಮರ್ಯಾದೆ. ತಿರುಗಿಸಿದೆ.
ಕುರ್ಚಿ ಒಮ್ಮೆ ಕುಂಟಿದ ಸದ್ದು.
ಪ್ರಿಂಟರು ಒಂದು ಹಾಳೆ ಕಕ್ಕಿತು, ಮಗುಚಿಯೇ ಕೊಟ್ಟೆ.
ಐದು ರೂಪಾಯಿ. ಚಿಲ್ಲರೆಯೇ ಇತ್ತು ಅವಳಲ್ಲಿ.

'ಹಾಸನದ ಬಸ್ಸು ಕುಶಾಲನಗರದ ಮೇಲೆ ಹೋಗ್ತದಾ,
ಸೋಮವಾರಪೇಟೆ ಮೇಲೆ ಹೋಗ್ತದಾ?'
ಎರಡೂ ಇದೆ ಎಂದೆ.
ಅಯ್ಯೋ, ಎಂದಳು.

ಫೋನು ಬಡಿದುಕೊಂಡಿತು. ಆಚೆಯ ದನಿ
ನನಗೂ ಕೇಳುವಷ್ಟು ದೊಡ್ಡದು, ಕಂಬದವರ ದನಿ.
'ಕರೆಂಟು ಬಂತಾ?'
ಬಂತು.
'ಗುಂಡಿ ಒತ್ತಿದೆಯಾ?'
ಒತ್ತಿದೆ.
'ಯಾವುದು? ಬೇಗ ಹೇಳು, ಬೇತು ಕಡೆಯ ಲೈನು ಬಾಕಿ ಇದೆ,
ಏಣಿ ಇಟ್ಟಾಗಿದೆ.'

ಬೊಳ್ಳಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿದಳು.
'ಮೊದಲು ಹತ್ತಿ, ಇಳಿದು, ಆಮೇಲೆ ಫೋನ್ ಮಾಡು ಅಪ್ಪ.
ನೆಲದ ಮೇಲೆ ನಿಂತಿರುವಾಗ ಹೇಳ್ತೇನೆ.'