ಹದಿನಾಲ್ಕು ಕಣ್ಣಿನ ಬಟ್ಟೆ

ಕಾಲು ಮುರಿದದ್ದು ಕುಣಿಯುವಾಗಲೇ.
ಅದೊಂದೇ ಹೆಮ್ಮೆ.
ವಿರಾಜಪೇಟೆಯ ಮಹಿಳಾ ಸಮಾಜದ ಮಹಡಿಯಲ್ಲಿ
ಉಮ್ಮತ್ತಾಟ್ ಅಭ್ಯಾಸ; ಎಲ್ಲರೂ ಬಲಕ್ಕೆ ಬಾಗಿದಾಗ
ನಾನೊಬ್ಬಳು ಎಡಕ್ಕೆ ಬಾಗಿ,
ಚೋಂದಮ್ಮನ ಮೊಣಕೈ, ನನ್ನ ಸೆರಗು,
ಕಂಚಿನ ತಾಳವೊಂದು ಮೆಟ್ಟಿಲಿಳಿದು ಹೋದ ಸದ್ದು.
ಆಮೇಲೆ ಪ್ಲಾಸ್ಟರು, ಆರು ವಾರ.

ಮಹಡಿಯ ಕೆಳಗೇ ನಬೀಸಾಳ ನೂಲಿನ ಅಂಗಡಿ.
ಉರುಳಿ ಬಂದ ತಾಳವನ್ನು ಎತ್ತಿಟ್ಟವಳು ಅವಳೇ.
ಕೊಡಲೆಂದು ಮನೆಗೆ ಬಂದಳು, ಜೊತೆಗೆ
ಗೇಣುದ್ದ ಬಿಳಿ ಬಟ್ಟೆ, ಮೊಂಡು ಸೂಜಿ, ಒಂದು ಮರದ ಬಳೆ.
"ಇಪ್ಪತ್ತು ವರ್ಷದಿಂದ ನಿಮ್ಮ ಹೆಜ್ಜೆ ನನ್ನ ಸೂರಿನ ಮೇಲೆ.
ಎಣಿಕೆ ತಪ್ಪುವವರು ಯಾರೆಂದು
ನೋಡದೆಯೇ ಗೊತ್ತಿತ್ತು, ಅಕ್ಕ."

ಕ್ರಾಸ್ ಸ್ಟಿಚ್ ಅಂದರೆ ಇಷ್ಟೇ ಅಂದಳು.
ಬಟ್ಟೆಯಲ್ಲಿ ಮೊದಲೇ ಕಣ್ಣುಗಳಿವೆ,
ಇಂಚಿಗೆ ಹದಿನಾಲ್ಕು.
ಚುಚ್ಚಬೇಡಿ, ಹುಡುಕಿ.
ಸೂಜಿ ಮೊಂಡಾಗಿರುವುದು ಅದಕ್ಕೇ.
ಆರೆಳೆಯ ದಾರದಿಂದ ಎರಡೇ ಎಳೆ,
ಅದೂ ಒಂದೊಂದಾಗಿ; ಅವಸರಿಸಿದರೆ ಸಿಕ್ಕು.
ಗಂಟು ಹಾಕುವಂತಿಲ್ಲ,
ದಾರದ ಬಾಲವನ್ನು ಹಿಂದೆ ಹಿಡಿದು
ಮುಂದಿನ ಹೊಲಿಗೆಗಳ ಅಡಿಯಲ್ಲಿ ಅಡಗಿಸಬೇಕು.
ಕೆಳಗೆರೆಗಳೆಲ್ಲ ಒಂದು ಕಡೆಗೆ ವಾಲಲಿ,
ಮೇಲ್ಗೆರೆಗಳೆಲ್ಲ ಇನ್ನೊಂದು ಕಡೆಗೆ.
ಹೀಗೆಂದು ನನ್ನ ಮುಖ ನೋಡಿದಳು:
"ಒಬ್ಬಳು ಬೇರೆ ಕಡೆ ವಾಲಿದರೂ
ಬೆಳಕಿಗೆ ಕಾಣುತ್ತದೆ."

ಅಂಗಡಿಯ ನಕ್ಷೆಗಳಲ್ಲೆಲ್ಲ
ಗುಲಾಬಿ ಲಂಗದ ಬ್ಯಾಲೆ ಹುಡುಗಿಯರು,
ಕಾಲ್ಬೆರಳ ತುದಿಯಲ್ಲಿ, ಕೊಕ್ಕರೆ ಕತ್ತು.
ಮಗನ ಗಣಿತದ ಚೌಕುಳಿ ಪುಸ್ತಕ ಕಿತ್ತುಕೊಂಡು
ನಾನೇ ಬರೆದೆ, ನಮ್ಮವರನ್ನು.
ಒಂದು ಚೌಕಕ್ಕೆ ಒಂದು ಹೊಲಿಗೆ:
ಚುಕ್ಕಿಯೆಂದರೆ ಕೆಂಪು, ಗುಣಾಕಾರವೆಂದರೆ ಕಂದು,
ಖಾಲಿಯೆಂದರೆ ಖಾಲಿ.
ಯಾವ ಕೆಂಪು? ಹಣ್ಣಾದ ಕಾಫಿಯದು, ಎಂದ ಪೆಮ್ಮಯ್ಯ.
ನಬೀಸಾಳ ಡಬ್ಬದಲ್ಲಿ ಅದೇ ಮೂರು ಬಗೆ:
ಇವತ್ತಿನ ಹಣ್ಣು, ನಿನ್ನೆಯ ಹಣ್ಣು, ಮೋಡದ ದಿನದ ಹಣ್ಣು.

ಚೌಕಗಳಿಂದ ದುಂಡು ತಾಳ ಮಾಡುವುದು ಹೇಗೆ?
ಒಂದು ಇಡೀ ರಬ್ಬರು ಸವೆಯಿತು.
ಹತ್ತಿರದಿಂದ ಅದು ಬರೀ ಮೆಟ್ಟಿಲು;
ಪುಸ್ತಕವನ್ನು ಗೋಡೆಗೊರಗಿಸಿ
ಕುಂಟುತ್ತಾ ಬಾಗಿಲವರೆಗೆ ಹೋಗಿ ತಿರುಗಿದರೆ
ದುಂಡಗಿತ್ತು.

ಎಲ್ಲಿಂದ ಶುರು? ಮೂಲೆಯಿಂದ ಅಂದುಕೊಂಡಿದ್ದೆ.
ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ
ಮಡಿಕೆಗಳು ಕೂಡುವಲ್ಲಿ ಉಗುರೊತ್ತಿದೆ.
ನಡುವಿನ ಆ ಕಣ್ಣಿನಲ್ಲಿ ಏನಿರಬೇಕೆಂದು
ಯಾರೂ ಹೇಳಬೇಕಾಗಲಿಲ್ಲ.
ಹಳದಿ, ಎರಡೆಳೆ.
ದೀಪ ಮೊದಲು.
ಸುತ್ತ ಬರುವವರು ಆಮೇಲೆ.

ಮೊದಲನೆಯವಳ ಪಾದದಿಂದ ಸೊಂಟಕ್ಕೆ ಬರುವಷ್ಟರಲ್ಲಿ
ಎಲ್ಲೋ ಒಂದು ಕಣ್ಣು ನುಂಗಿದ್ದೆ.
ತಾಳಕ್ಕೆ ತಾಳ ತಗಲುತ್ತಿಲ್ಲ,
ನಡುವೆ ಒಂದೇ ಒಂದು ಚೌಕ ಬಿಳಿ.
ಮಹಡಿಯಲ್ಲಾದರೆ ನಕ್ಕು, ಮುಂದಿನ ಸುತ್ತಿಗೆ ಸೇರಿಕೊಳ್ಳುತ್ತಿದ್ದೆ.
ಇಲ್ಲಿ ತಪ್ಪು ಎಲ್ಲಿಗೂ ಹೋಗುವುದಿಲ್ಲ,
ಕಾಲು ಚಾಚಿ ಕೂತಿರುತ್ತದೆ, ನನ್ನ ಹಾಗೆ.
ಬಿಚ್ಚಿದೆ. ಎರಡು ಸಂಜೆ ಬಿಚ್ಚಿದೆ,
ಕಾಫಿ ಆರಿಸಿಕೊಂಡು, ಪೆಮ್ಮಯ್ಯನ ಮೇಲೆ ರೇಗಿಕೊಂಡು.

ನಬೀಸಾ ಬಂದವಳು ಮುಂಭಾಗ ನೋಡಲೇ ಇಲ್ಲ,
ಬಳೆಯನ್ನು ಮಗುಚಿ ಹಿಂಭಾಗ ನೋಡಿದಳು.
"ಹಿಂದೆ ನೋಡಿದರೇ ಕೈ ತಿಳಿಯುವುದು."
"ಸೀರೆಯ ನೆರಿಗೆಯನ್ನೇ ಹಿಂದಕ್ಕೆ ಉಡುವವರು ನಾವು, ಮಾರಾಯ್ತಿ.
ಹಿಂದಿನಿಂದ ನೋಡುವವರ ಭಯ
ನನಗೆ ಹೊಸತೇ?"
ನಕ್ಕೂ ನಕ್ಕೂ ಪ್ಲಾಸ್ಟರಿನೊಳಗೆ ತುರಿಕೆ ಎದ್ದಿತು.
ಮೊಂಡು ಸೂಜಿ ಅದಕ್ಕೂ ಆಯಿತು.

ಆರು ವಾರಕ್ಕೆ ಆದದ್ದು ಒಂದು ದೀಪ,
ಒಬ್ಬಳು ಹೆಂಗಸು, ಇನ್ನೊಬ್ಬಳ ಎಡಗಾಲು.
ಮಿಕ್ಕ ಏಳು ಮಂದಿ ಇನ್ನೂ ದಾರದ ಲಡಿಯಲ್ಲಿದ್ದಾರೆ.

ಇವತ್ತು ಅಮ್ಮತ್ತಿಯ ಆಸ್ಪತ್ರೆಯಲ್ಲಿ
ಪ್ಲಾಸ್ಟರು ಕತ್ತರಿಸಿದರು.
ಒಳಗೆ ಬೆಳ್ಳಗೆ, ಸೊರಗಿ, ಯಾರದೋ ಕಾಲು;
ಚರ್ಮದ ಮೇಲೆ ಬ್ಯಾಂಡೇಜಿನ ನೇಯ್ಗೆ ಅಚ್ಚೊತ್ತಿ
ಸಣ್ಣ ಸಣ್ಣ ಚೌಕ, ಹಿಮ್ಮಡಿಯವರೆಗೂ.
"ಊರಿ ನೋಡಿ," ಅಂದರು ಡಾಕ್ಟರು.
"ತಾಳಿ," ಅಂದೆ,
"ಎಣಿಸ್ತಾ ಇದ್ದೀನಿ."